ಚಿನ್ನದ ಮುಖವಾಡಕ್ಕೆ ಕೆಂಪು ಬಣ್ಣ ಯಾಕೆ ಬಳಿದರು?

ದೂರದೇಶದ ಮಗಳು:
ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಅಮ್ಮ ಊರಿಂದ ಬಂದು ಎರಡು ತಿಂಗಳಾಯಿತು. ಮನೆಯಲ್ಲೇ ಕೂತು ಅವರಿಗೂ ಬೇಜಾರು, ಹಾಗಾಗಿ ಹೋದ ಶನಿವಾರ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಪೆರು ದೇಶದ ಒಂದು ಹಳೇ ಚಿನ್ನದ ಮುಖವಾಡ ಇದೆ, ಸತ್ತವರ ಜೊತೆ ಹೂಳುತ್ತಿದ್ದದ್ದು. ಅಗಲ ಸುಮಾರು ಒಂದೂವರೆ ಅಡಿ, ಹತ್ತಿರ ಹತ್ತಿರ ನಮ್ಮ ಮೊರದಷ್ಟು. ಕಣ್ಣಿನ ತುದಿ ಎರಡೂ ಕಡೆ ಮೇಲಕ್ಕೆ ಎಳೆದ ಹಾಗಿದೆ. ಅಮ್ಮ ಅದರ ಮುಂದೆ ಐದು ನಿಮಿಷ ಸುಮ್ಮನೆ ನಿಂತರು. ಆಮೇಲೆ ಕೇಳಿದ್ದು ಒಂದೇ ಮಾತು: "ಅಲ್ಲ ಕಣೇ, ಇಷ್ಟು ಚಿನ್ನ ಸುರಿದು ಮಾಡಿ, ಅದರ ಮೇಲೆ ಕುಂಕುಮದಂಥ ಬಣ್ಣ ಯಾಕೆ ಬಳಿದಿದ್ದಾರೆ? ಚಿನ್ನ ಕಾಣೋದೇ ಬೇಡ ಅಂತಲಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಪಕ್ಕದ ಫಲಕದಲ್ಲಿ ನಾಲ್ಕು ಸಾಲು ಇತ್ತು, ಅದರಿಂದ ಅಮ್ಮನಿಗೆ ಸಮಾಧಾನ ಆಗಲಿಲ್ಲ. ಇನ್ಕಾ ಜನ ಮಾಡಿದ್ದು ಅಂತ ನಾನೇ ಸುಮ್ನೆ ಒಂದು ಮಾತು ಹೇಳಿ ಕಾರ್ ಹತ್ತಿಸಿದೆ. ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಅಮ್ಮ ದಿನಾ ಕೇಳುತ್ತಿದ್ದಾರೆ.

ಸುಮ್ನೆ ಬಂದೆ:
ಅಷ್ಟು ದೊಡ್ಡ ಮುಖ, ಮೇಲಕ್ಕೆ ಎಳೆದ ಕಣ್ಣು. ಏಲಿಯನ್ ಅಂತ ಯಾರೂ ಹೇಳಲಿಲ್ಲವಾ ಇನ್ನೂ?

ಹಳೇ ಮಡಕೆ:
ಹೇಳಲೂಬೇಡಿ ಗುರು. ಪಾಪ, ಅಷ್ಟು ಕಷ್ಟಪಟ್ಟು ತಗಡು ಬಡಿದವರ ಹೆಸರನ್ನು ಬೇರೆ ಗ್ರಹದವರಿಗೆ ಕೊಟ್ಟುಬಿಡುವುದು ಯಾವ ನ್ಯಾಯ?

ಅಕ್ಕ, ಮೊದಲು ಒಂದು ತಿದ್ದುಪಡಿ. ಅದು ಇನ್ಕಾ ಅಲ್ಲ. ಪೆರುವಿನ ಎಲ್ಲ ಚಿನ್ನವನ್ನೂ ಇನ್ಕಾ ಲೆಕ್ಕಕ್ಕೆ ಬರೆಯುವುದು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ. ಇನ್ಕಾ ಸಾಮ್ರಾಜ್ಯ ದೊಡ್ಡದಾಗಿ ಬೆಳೆದದ್ದು 1400ರ ನಂತರ. ನೀವು ನೋಡಿದ್ದು ಅದಕ್ಕಿಂತ ನಾನೂರು ವರ್ಷ ಹಿಂದಿನದು. ಪೆರುವಿನ ಉತ್ತರ ಕರಾವಳಿಯಲ್ಲಿ ಲಂಬಾಯೆಕೆ ಅಂತ ಒಂದು ಪ್ರದೇಶ ಇದೆ. ಅಲ್ಲಿ ಸುಮಾರು 900ರಿಂದ 1100ರವರೆಗೆ ಮೆರೆದ ಜನರನ್ನು ಸಿಕಾನ್ ಅನ್ನುತ್ತಾರೆ, ಕೆಲವರು ಲಂಬಾಯೆಕೆ ಅಂತಲೇ ಕರೆಯುತ್ತಾರೆ. ಅಲ್ಲಿನ ಹಳೇ ಮುಚಿಕ್ ಭಾಷೆಯಲ್ಲಿ ಸಿಕಾನ್ ಅಂದರೆ ಚಂದ್ರನ ಮನೆ. ಆ ಕಣ್ಣಿನ ಆಕಾರ ಕಂಡರೆ ಸಾಕು, ದೂರದಿಂದಲೇ ಸಿಕಾನ್ ಅಂತ ಹೇಳಬಹುದು. ಅಲ್ಪವಿರಾಮದ ಚಿಹ್ನೆಯನ್ನು ಅಡ್ಡ ಮಲಗಿಸಿದ ಹಾಗೆ ಇರುತ್ತದೆ. "ರೆಕ್ಕೆಯ ಕಣ್ಣು" ಅಂತಲೇ ಅದಕ್ಕೆ ಹೆಸರು.

ಇನ್ನೊಂದು ವಿಷಯ, ಆ ಮುಖ ಸತ್ತವನದಲ್ಲ. ಹತ್ತು ಮುಖವಾಡ ಸಾಲಾಗಿ ಇಟ್ಟರೆ ಹತ್ತರಲ್ಲೂ ಅದೇ ಕಣ್ಣು, ಅದೇ ಮೂಗು. ಅದು ಅವರ ದೇವರ ಮುಖ, ಅಥವಾ ಮೂಲಪುರುಷನ ಮುಖ. ಕೆಂಪು ಬಣ್ಣದ ಕಥೆ ಉದ್ದ ಇದೆ, ಊಟ ಮಾಡಿ ಬಂದು ಬರೆಯುತ್ತೇನೆ.

ಶೇಂಗಾ ಹೋಳಿಗೆ:
ಮಡಕೆ ಸಾಹೇಬರು ಊಟಕ್ಕೆ ಹೋದರೆ ಬರುವುದು ನಾಳೆನೇ. ಅಲ್ಲಿಯವರೆಗೆ ಯಾರಾದರೂ ಹೇಳಿ, ಇದು ಗಟ್ಟಿ ಚಿನ್ನವಾ? ಒಂದೂವರೆ ಅಡಿ ಗಟ್ಟಿ ಚಿನ್ನ ಅಂದರೆ ಸತ್ತವನ ಕತ್ತು ಮುರಿಯುವುದಿಲ್ಲವಾ?

ಒರೆಗಲ್ಲು:
ಗಟ್ಟಿ ಚಿನ್ನ ಅಲ್ಲ ಸಾರ್. ತಗಡು. ಅದೂ ಅಪರಂಜಿ ಅಲ್ಲ, ಬೆರಕೆ ಚಿನ್ನ. ನಮ್ಮದು ಅಕ್ಕಸಾಲಿ ಮನೆತನ, ಹಾಗಾಗಿ ಈ ವಿಷಯ ಸಿಕ್ಕಿದ್ದೆಲ್ಲ ಓದಿದ್ದೇನೆ. ಚಿನ್ನ, ಬೆಳ್ಳಿ, ತಾಮ್ರ ಮೂರನ್ನೂ ಸೇರಿಸಿ ಮೂಸೆಯಲ್ಲಿ ಕರಗಿಸಿದರೆ ಬರುವ ಲೋಹಕ್ಕೆ ಟುಂಬಾಗಾ ಅನ್ನುತ್ತಾರೆ. ಅದನ್ನು ಕಲ್ಲಿನ ಮೇಲಿಟ್ಟು ಕಲ್ಲಿನ ಸುತ್ತಿಗೆಯಲ್ಲೇ ಬಡಿಯುವುದು. ಬಡಿದ ಹಾಗೆಲ್ಲ ಲೋಹ ಗಡುಸಾಗುತ್ತದೆ, ಆಮೇಲೂ ಬಡಿದರೆ ಅಂಚು ಸೀಳುತ್ತದೆ. ಆಗ ಕಾಯಿಸಿ ತಣಿಸಬೇಕು. ಮತ್ತೆ ಮೆತ್ತಗಾಗುತ್ತದೆ, ಮತ್ತೆ ಬಡಿ. ಹೀಗೆ ಎಷ್ಟು ಸಲ ಅಂತ ಲೆಕ್ಕ ಇಲ್ಲ.

ಮಜಾ ಇರುವುದು ಇಲ್ಲಿ. ಕಾಯಿಸಿದಾಗಲೆಲ್ಲ ಮೇಲ್ಮೈಯಲ್ಲಿರುವ ತಾಮ್ರ ಕಪ್ಪು ಕಟ್ಟುತ್ತದೆ. ಆ ಕಪ್ಪನ್ನು ಹುಳಿ ರಸದಲ್ಲಿ ಹಾಕಿ ತೆಗೆದರೆ ಮೇಲಿನ ತಾಮ್ರ ಅಷ್ಟು ಹೋಯಿತು, ಚಿನ್ನ ಅಲ್ಲೇ ಉಳಿಯಿತು. ಮತ್ತೆ ಕಾಯಿಸು, ಮತ್ತೆ ಹುಳಿ. ಕೊನೆಗೆ ಹೊರಮೈ ಪೂರ್ತಿ ಹಳದಿ, ಒಳಗೆ ಕೆಂಪು ತಾಮ್ರ ಹಾಗೇ ಇರುತ್ತದೆ. ಬೆಳ್ಳಿ ಜಾಸ್ತಿ ಇದ್ದರೆ ಹುಳಿಗೆ ಬಗ್ಗುವುದಿಲ್ಲ, ಅದಕ್ಕೆ ಉಪ್ಪು ಮತ್ತು ಖನಿಜ ಮಣ್ಣಿನ ಲೇಪ ಹಚ್ಚಿ ಬೆಳ್ಳಿಯನ್ನು ತಿನ್ನಿಸುತ್ತಿದ್ದರು ಅಂತ ಹೇಳುತ್ತಾರೆ.

ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮಜ್ಜ ಮಾಡುತ್ತಿದ್ದದ್ದೂ ಇದೇ ಅಲ್ವಾ! ಬೆಸುಗೆ ಹಾಕಿ ಕಪ್ಪಾದ ಬಳೆಯನ್ನು ಹುಣಸೆ ನೀರಿನಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ಉಜ್ಜಿ, "ನೋಡು ಈಗ ಮೈ ಬಂತು" ಅನ್ನುತ್ತಿದ್ದರು. ಅಜ್ಜ ಕೊಳೆ ತೆಗೆಯುವುದಕ್ಕೆ ಮಾಡಿದರು, ಆ ಜನ ಚಿನ್ನದ ಮೈಯನ್ನೇ ಬೆಳೆಸುವುದಕ್ಕೆ ಮಾಡಿದರು. ಅಷ್ಟೇ ವ್ಯತ್ಯಾಸ.

ಶೇಂಗಾ ಹೋಳಿಗೆ:
ಅಂದರೆ ಸಾವಿರ ವರ್ಷ ಹಿಂದೆಯೇ ಕ್ಯಾರಟ್ ಕಮ್ಮಿ ಚಿನ್ನ ಕೊಟ್ಟು ದೇವರಿಗೇ ಟೋಪಿ ಹಾಕಿದ್ದಾರೆ.

ಹಳೇ ಮಡಕೆ:
ಊಟ ಆಯಿತು, ಬಂದೆ. ಟೋಪಿ ಅಂತ ನೀವು ಹೇಳಿದ್ದನ್ನೇ ಸ್ಪೇನಿನವರೂ ಹೇಳಿದ್ದರು, ಕರಗಿಸಿ ನೋಡಿದಾಗ ತಾಮ್ರ ಸಿಕ್ಕಿದ್ದಕ್ಕೆ. ಆದರೆ ಹೆದರ್ ಲೆಕ್ಟ್‌ಮನ್ ಅಂತ ಅಮೆರಿಕದ ಒಬ್ಬ ವಿದ್ವಾಂಸೆ ಇದನ್ನು ಬೇರೆ ಕಣ್ಣಿನಲ್ಲಿ ನೋಡಿದರು. ಮೋಸ ಮಾಡಬೇಕು ಅಂತಿದ್ದರೆ ತಾಮ್ರದ ತಗಡಿಗೆ ಮೇಲಿಂದ ಚಿನ್ನದ ರೇಕು ಅಂಟಿಸಿ ಮುಗಿಸಬಹುದಿತ್ತು, ಅದು ಸುಲಭ. ಇವರು ಹಾಗೆ ಮಾಡಲಿಲ್ಲ. ಚಿನ್ನವನ್ನು ಮೊದಲೇ ಲೋಹದ ಒಳಗೆ ಬೆರೆಸಿ, ಆಮೇಲೆ ಒಳಗಿಂದ ಹೊರಗೆ ತಂದರು. ಹೊರಗೆ ಕಾಣುವುದು ಒಳಗೂ ಇರಬೇಕು, ಇಲ್ಲದಿದ್ದರೆ ಅದು ಸುಳ್ಳು ಅನ್ನುವ ನಂಬಿಕೆ ಇದರ ಹಿಂದೆ ಇತ್ತು ಅನ್ನುವುದು ಆಕೆಯ ವಾದ.

ನನಗೆ ಈ ವಾದ ಇಷ್ಟ, ಆದರೆ ಪೂರ್ತಿ ಒಪ್ಪುವುದಿಲ್ಲ. ಯಾಕೆಂದರೆ ಸಿಕಾನ್‌ಗಿಂತ ಮೊದಲು ಅದೇ ಕರಾವಳಿಯಲ್ಲಿದ್ದ ಮೋಚೆ ಜನ ತಾಮ್ರದ ಮೇಲೆ ಹೊರಗಿಂದಲೇ ಚಿನ್ನದ ತೆಳು ಪದರ ಕೂರಿಸಿದ್ದೂ ಇದೆ, ಕರೆಂಟ್ ಇಲ್ಲದ ಕಾಲದಲ್ಲಿ ಬರೀ ರಾಸಾಯನಿಕ ದ್ರಾವಣದಿಂದ. ಅದನ್ನು ಪತ್ತೆ ಮಾಡಿದವರಲ್ಲಿ ಲೆಕ್ಟ್‌ಮನ್ ಕೂಡ ಒಬ್ಬರು. ಹಾಗಾಗಿ ಎಲ್ಲರೂ ಎಲ್ಲ ಕಾಲದಲ್ಲೂ ಒಂದೇ ತತ್ವ ಹಿಡಿದು ಕೂತಿದ್ದರು ಅನ್ನುವುದು ಕಷ್ಟ.

ಈಗ ಸಮಾಧಿಗೆ ಬರೋಣ. ಸಿಕಾನ್ ಜನರ ಮುಖ್ಯ ಜಾಗ ಈಗಿನ ಪೊಮಾಕ್ ಕಾಡಿನ ಒಳಗಿದೆ, ಬಟಾನ್ ಗ್ರಾಂಡೆ ಅನ್ನುತ್ತಾರೆ. ಮಣ್ಣಿನ ಇಟ್ಟಿಗೆಯ ದೊಡ್ಡ ದೊಡ್ಡ ದಿಬ್ಬಗಳು, ದೂರದಿಂದ ಗುಡ್ಡ ಅಂದುಕೊಳ್ಳಬೇಕು. ಅಂಥ ದಿಬ್ಬಕ್ಕೆ ವಾಕಾ ಅನ್ನುತ್ತಾರೆ. ಅದರಲ್ಲಿ ಒಂದು ವಾಕಾ ಲೋರೋ. ಇಜುಮಿ ಶಿಮಾಡಾ ಅನ್ನುವ ಪುರಾತತ್ವಜ್ಞ 1970ರ ದಶಕದಿಂದಲೂ ಆ ಪ್ರದೇಶದಲ್ಲಿ ಕೆಲಸ ಮಾಡಿದವರು. 1990ರ ದಶಕದ ಶುರುವಿನಲ್ಲಿ ಅವರ ತಂಡ ಆ ದಿಬ್ಬದ ಪಕ್ಕ ಹತ್ತು ಮೀಟರಿಗೂ ಆಳ ಇಳಿದು ಒಂದು ಸಮಾಧಿ ತೆರೆಯಿತು. ಕಳ್ಳರ ಕೈ ಬೀಳದ ಸಮಾಧಿ! ಆ ಊರಿನಲ್ಲಿ ಅದೇ ಒಂದು ಪವಾಡ.

ಒಳಗೆ ನಲವತ್ತರಿಂದ ಐವತ್ತು ವಯಸ್ಸಿನ ಒಬ್ಬ ಗಂಡಸು. ಮೈಗೆಲ್ಲ ಕೆಂಪು ಬಣ್ಣ. ಕೂತ ಭಂಗಿ, ಆದರೆ ತಲೆಕೆಳಗು. ಹೌದು, ಸರಿಯಾಗೇ ಓದಿದಿರಿ. ಇಡೀ ದೇಹವನ್ನು ತಲೆಕೆಳಗು ಮಾಡಿ, ತಲೆಯನ್ನು ಮಾತ್ರ ಬೇರೆ ಮಾಡಿ ನೆಟ್ಟಗೆ ತಿರುಗಿಸಿ ಇಟ್ಟಿದ್ದಾರೆ. ಆ ತಲೆಯ ಮೇಲೆ ಕೆಂಪು ಬಳಿದ ಚಿನ್ನದ ಮುಖವಾಡ. ಪಕ್ಕದಲ್ಲಿ ಇಬ್ಬರು ಯುವತಿಯರ ಅಸ್ಥಿ, ಒಬ್ಬಳು ಹೆರುವ ಭಂಗಿಯಲ್ಲಿ, ಇನ್ನೊಬ್ಬಳು ಸೂಲಗಿತ್ತಿಯ ಭಂಗಿಯಲ್ಲಿ. ಸ್ವಲ್ಪ ಮೇಲಿನ ಮಟ್ಟದಲ್ಲಿ ಮುದುರಿ ಕೂತ ಎರಡು ಮಕ್ಕಳು. ಜೊತೆಗೆ ಸುಮಾರು 1.2 ಟನ್ ಸಾಮಾನು, ಅದರಲ್ಲಿ ಹೆಚ್ಚಿನ ಪಾಲು ಲೋಹ.

ಈಗ ಹೇಳಿ. ತಲೆಕೆಳಗಾದ ಮನುಷ್ಯ, ಎದುರಿಗೆ ಹೆರಿಗೆ. ಮಗು ಹೊಟ್ಟೆಯಿಂದ ಹೊರಗೆ ಬರುವಾಗ ಹೇಗೆ ಬರುತ್ತದೆ? ಅವನು ಮತ್ತೆ ಹುಟ್ಟಲಿ ಅಂತ ಇಟ್ಟಿದ್ದಾರೆ ಅನ್ನುವ ಅರ್ಥ ಹೊಳೆಯುತ್ತದೆ ಅಲ್ವಾ?

ದೂರದೇಶದ ಮಗಳು:
ಮೈ ಜುಮ್ ಅಂತು. ಅಮ್ಮನಿಗೆ ಇದನ್ನು ಓದಿ ಹೇಳಿದೆ. ಹೆರಿಗೆ ವಿಷಯ ಬಂದಾಗ ಅವರು "ಹೂಂ, ತಲೆ ಮುಂದಾಗಿ" ಅಂತ ನನಗಿಂತ ಮೊದಲೇ ಹೇಳಿದರು. ಆದರೆ ಆ ಹುಡುಗಿಯರು, ಮಕ್ಕಳು ಅಂದಾಗ ತುಂಬಾ ಹೊತ್ತು ಮಾತಾಡಲಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು:
ಬಣ್ಣದ ಪಾಠ ನನಗೆ ಬಿಡಿ. ಆ ಕೆಂಪು ಇಂಗಳೀಕ. ಪಾದರಸ ಮತ್ತು ಗಂಧಕ ಸೇರಿದ ಅದಿರು, ಪುಡಿ ಮಾಡಿದರೆ ಕಣ್ಣು ಕುಕ್ಕುವ ಕೆಂಪು. ಪೆರುವಿನ ಬೆಟ್ಟದ ನಾಡಿನಲ್ಲಿ ವಾಂಕಾವೆಲಿಕಾ ಅನ್ನುವ ಕಡೆ ಅದರ ದೊಡ್ಡ ಗಣಿ ಇದೆ. ದೂರದಿಂದ ತರಬೇಕಾದ ಬಣ್ಣ, ಅದಕ್ಕೇ ದೊಡ್ಡವರ ಪಾಲು. ಸಾಮಾನ್ಯರ ಕೆಲಸಕ್ಕೆ ಕೆಮ್ಮಣ್ಣು, ಅಂದರೆ ಕಬ್ಬಿಣದ ಬಣ್ಣ.

ಇಂಗಳೀಕ ಅನ್ನುವುದು ಆ ಸಮಾಧಿ ತೆರೆದ ಹೊಸದರಲ್ಲೇ ಗೊತ್ತಾಗಿತ್ತು. ಗೊತ್ತಾಗದೆ ಉಳಿದದ್ದು ಅಂಟು. ಪುಡಿಯನ್ನು ನುಣುಪಾದ ಲೋಹದ ಮೇಲೆ ಸುಮ್ಮನೆ ಉಜ್ಜಿದರೆ ನಾಲ್ಕು ದಿನ ನಿಲ್ಲುವುದಿಲ್ಲ, ಇದು ಮಣ್ಣಿನೊಳಗೆ ಸಾವಿರ ವರ್ಷ ನಿಂತಿದೆ. ಏನು ಬೆರೆಸಿದ್ದರು? 2021ರಲ್ಲಿ ಆಕ್ಸ್‌ಫರ್ಡಿನ ರಸಾಯನ ವಿಜ್ಞಾನಿಗಳು ಶಿಮಾಡಾ ಜೊತೆ ಸೇರಿ ಆ ಬಣ್ಣದ ಒಂದು ಚೂರನ್ನು ಪರೀಕ್ಷೆ ಮಾಡಿದರು. ಮೊದಲು ಪ್ರೋಟೀನ್ ಇದೆ ಅಂತ ಗೊತ್ತಾಯಿತು. ಆಮೇಲೆ ಅದನ್ನು ತುಂಡು ತುಂಡು ಮಾಡಿ ತೂಕ ನೋಡುವ ಯಂತ್ರಕ್ಕೆ ಹಾಕಿದಾಗ ಸಿಕ್ಕಿದ್ದು ಮನುಷ್ಯರ ರಕ್ತದ ಆರು ಪ್ರೋಟೀನ್, ಜೊತೆಗೆ ಮೊಟ್ಟೆಯ ಬಿಳಿಭಾಗದ ಪ್ರೋಟೀನ್. ಮೊಟ್ಟೆ ಯಾವ ಹಕ್ಕಿಯದು ಅಂತ ಹೇಳಲಾಗದಷ್ಟು ಹಾಳಾಗಿತ್ತು, ಆ ಕಡೆ ಸಾಕುತ್ತಿದ್ದ ಮಸ್ಕೊವಿ ಬಾತುಕೋಳಿ ಇರಬಹುದು ಅಂತ ಅವರ ಊಹೆ.

ಅಂದರೆ ಚಿನ್ನದ ಮೇಲಿದ್ದದ್ದು ಇಂಗಳೀಕ, ನೆತ್ತರು, ಮೊಟ್ಟೆ. ಮೊಟ್ಟೆಯ ಲೋಳೆ ಒಳ್ಳೆಯ ಅಂಟು, ಅದನ್ನು ಗೋಡೆಗೆ ಸುಣ್ಣ ಬಳಿಯುವವರನ್ನು ಕೇಳಿದರೂ ಹೇಳುತ್ತಾರೆ. ರಕ್ತವೂ ಅಂಟೇ.

ಸುಮ್ನೆ ಬಂದೆ:
ಮೇಷ್ಟ್ರೇ, ಯಾರ ರಕ್ತ? ಬಲಿ ಕೊಟ್ಟವರದ್ದಾ?

ಕೆಮಿಸ್ಟ್ರಿ ಮೇಷ್ಟ್ರು:
ಮನುಷ್ಯರದ್ದು ಅನ್ನುವವರೆಗೆ ಪ್ರೋಟೀನ್ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಸಿಕಾನ್ ಬಲಿಗಳಲ್ಲಿ ಕತ್ತು, ಎದೆಯ ಮೇಲ್ಭಾಗ ಕೊಯ್ದು ರಕ್ತ ಜಾಸ್ತಿ ಹರಿಯುವ ಹಾಗೆ ಮಾಡುತ್ತಿದ್ದರು ಅನ್ನುವುದಕ್ಕೆ ಮೂಳೆಯಲ್ಲೇ ಗುರುತು ಇದೆ. ಅದನ್ನು ಆ ವಿಜ್ಞಾನಿಗಳೇ ನೆನಪಿಸುತ್ತಾರೆ. ಬದುಕಿದ್ದವರೇ ಬೆರಳು ಕುಯ್ದು ಕೊಟ್ಟ ರಕ್ತವೂ ಇರಬಹುದು. ಮತ್ತೆ, ಪರೀಕ್ಷೆ ಮಾಡಿದ್ದು ಒಂದೇ ಮುಖವಾಡದ ಬಣ್ಣ. ನಾಳೆ ಯಾರೋ ವಾಟ್ಸ್ಯಾಪಲ್ಲಿ "ಪೆರುವಿನ ಎಲ್ಲ ಮುಖವಾಡಕ್ಕೂ ರಕ್ತ ಬಳಿದಿದ್ದರು" ಅಂತ ಕಳಿಸುತ್ತಾರೆ, ನಂಬಬೇಡಿ.

ಹಳೇ ಮಡಕೆ:
ಮೇಷ್ಟ್ರ ಎಚ್ಚರಿಕೆ ಸರಿ. ಆದರೂ ತಲೆಕೆಳಗಾದ ದೇಹ, ಹೆರುವ ಹೆಂಗಸು, ರಕ್ತ, ಮೊಟ್ಟೆ, ನಾಲ್ಕೂ ಒಂದೇ ಗುಂಡಿಯಲ್ಲಿ. ಇದನ್ನು ಬರೀ ಅಂಟಿನ ಲೆಕ್ಕಕ್ಕೆ ಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಬೇಕಾದರೆ ಜಗಳ ಆಡೋಣ.

ಕೆಮಿಸ್ಟ್ರಿ ಮೇಷ್ಟ್ರು:
ಜಗಳ ಬೇಡ. ಅಂಟೂ ಹೌದು, ಅರ್ಥವೂ ಹೌದು. ಅರ್ಥ ಮಾತ್ರ ಅಂದರೆ ನಾನು ಬರುತ್ತೇನೆ.

ಕಡಲ ತಡಿ:
ನಾನು ಉಡುಪಿ ಕಡೆಯವ ಮಾರಾಯ್ರೇ. ನಮ್ಮಲ್ಲಿ ಭೂತಕ್ಕೆ ಲೋಹದ ಮೊಗ ಇದೆ, ಪಂಜುರ್ಲಿಯದ್ದು, ಜುಮಾದಿಯದ್ದು. ದೇವಸ್ಥಾನದಲ್ಲಿ ಮೂರ್ತಿಗೆ ಬೆಳ್ಳಿಯ ಮುಖವಾಡವೂ ಹಾಕುತ್ತಾರೆ. ಇದೂ ಅದೇ ತರ ಅಲ್ವಾ?

ಹಳೇ ಮಡಕೆ:
ನೋಡಲು ಹತ್ತಿರ, ಕೆಲಸ ಬೇರೆ ಸಾರ್. ನಿಮ್ಮ ಮೊಗವನ್ನು ಕೋಲದ ದಿನ ಬದುಕಿದ್ದ ಮನುಷ್ಯ ಹಿಡಿಯುತ್ತಾನೆ, ಆಮೇಲೆ ಜೋಪಾನವಾಗಿ ಎತ್ತಿಡುತ್ತಾರೆ, ಮುಂದಿನ ವರ್ಷ ಮತ್ತೆ ಹೊರಗೆ. ಇವರದು ಒಂದು ಸಲ ಒಳಗೆ ಹೋದರೆ ಮುಗಿಯಿತು. ಮೆಟ್ರೋಪಾಲಿಟನ್ ಮುಖವಾಡದಂಥವನ್ನು ಬದುಕಿದ್ದವರು ಹಾಕಿಕೊಳ್ಳಲೂ ಆಗುವುದಿಲ್ಲ, ಅಷ್ಟು ಅಗಲ. ಶವವನ್ನು ಕೂರಿಸಿ ಬಟ್ಟೆ ಸುತ್ತಿ ಸುತ್ತಿ ದೊಡ್ಡ ಗಂಟು ಮಾಡುತ್ತಿದ್ದರು, ಆ ಗಂಟಿನ ಮೇಲ್ಭಾಗಕ್ಕೆ ಮುಖವಾಡ ಕಟ್ಟುವುದು. ಅಂದರೆ ಗಂಟಿಗೆ ಒಂದು ಮುಖ. ಒಂದೇ ಸಮಾಧಿಯಲ್ಲಿ ಐದು ಮುಖವಾಡ ಸಿಕ್ಕಿದ್ದೂ ಇದೆ, ಒಂದು ತಲೆಗೆ, ಉಳಿದವು ಕಾಲ ಬುಡದಲ್ಲಿ ಒಂದರ ಮೇಲೊಂದು.

ಶೇಂಗಾ ಹೋಳಿಗೆ:
ನಮ್ಮ ಹೆಸರಿಗೆ ಸಂಬಂಧಪಟ್ಟದ್ದು ಏನಾದರೂ ಇದೆಯಾ ಅಲ್ಲಿ? ಶೇಂಗಾ ಆ ಕಡೆಯಿಂದಲೇ ಬಂದದ್ದು ಅಂತ ಕೇಳಿದ್ದೆ.

ಹಳೇ ಮಡಕೆ:
ಇದೆ! ಒಳ್ಳೆಯ ಪ್ರಶ್ನೆ ಕೇಳಿದಿರಿ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಮೋಚೆ ಜನಕ್ಕೆ ಅದು ಎಷ್ಟು ದೊಡ್ಡದು ಅಂದರೆ ರಾಜನ ಕತ್ತಿಗೆ ಹಾಕಿ ಹೂಳುವಷ್ಟು.

1987ರ ಫೆಬ್ರವರಿಯಲ್ಲಿ ಚಿಕ್ಲಾಯೋ ಪಟ್ಟಣದ ಹತ್ತಿರ ಸಿಪಾನ್ ಅನ್ನುವ ಹಳ್ಳಿಯಲ್ಲಿ ಕಳ್ಳರು ಒಂದು ಸಮಾಧಿಗೆ ಕನ್ನ ಹಾಕಿದರು. ಸಮಾಧಿ ತೋಡುವ ಕಳ್ಳರಿಗೆ ಅಲ್ಲಿ ವಾಕೆರೋ ಅಂತ ಹೆಸರು, ಕೆಲವು ಊರಿನಲ್ಲಿ ಅದೇ ಕಸುಬು. ಸಿಕ್ಕ ಮಾಲು ಹಂಚಿಕೊಳ್ಳುವಾಗ ಜಗಳ ಆಗಿ ಸುದ್ದಿ ಪೊಲೀಸರಿಗೆ ಮುಟ್ಟಿತು, ಪೊಲೀಸರು ವಾಲ್ಟರ್ ಆಲ್ವಾ ಅನ್ನುವ ಪುರಾತತ್ವಜ್ಞರನ್ನು ಕರೆದರು. ಆಲ್ವಾ ಅಲ್ಲೇ ಠಿಕಾಣಿ ಹೂಡಿದರು, ಬಂದೂಕಿನ ಕಾವಲು ಇಟ್ಟುಕೊಂಡು. ಊರವರಿಗೆ ಸಿಟ್ಟು, ನಮ್ಮ ಅಜ್ಜಂದಿರ ಚಿನ್ನ ಇವನ್ಯಾರು ತೆಗೆಯುವುದಕ್ಕೆ ಅಂತ. ಅದೇ ವರ್ಷ ಕಳ್ಳರು ಮುಟ್ಟದ ಇನ್ನೊಂದು ಸಮಾಧಿ ಅಲ್ಲೇ ಸಿಕ್ಕಿತು. ಮೇಲೆ ಕಾವಲುಗಾರನ ಅಸ್ಥಿ ಇತ್ತು, ಪಾದಗಳಿಲ್ಲ. ಕೆಳಗೆ ಸಿಪಾನ್ ದೊರೆ.

ಅವನ ಮುಖಕ್ಕೆ ಒಂದೇ ಮುಖವಾಡ ಅಲ್ಲ. ಕಣ್ಣಿಗೆ ಬೇರೆ ಚಿನ್ನದ ತುಂಡು, ಮೂಗಿಗೆ ಬೇರೆ, ಬಾಯಿ ಗಲ್ಲ ಮುಚ್ಚುವುದಕ್ಕೆ ಬೇರೆ. ಕತ್ತಿನಲ್ಲಿ ಕಡಲೆಕಾಯಿ ಸರ. ಒಟ್ಟು ಇಪ್ಪತ್ತು ಕಾಯಿ, ನಿಜವಾದ ಕಾಯಿಗಿಂತ ದೊಡ್ಡವು, ಸಿಪ್ಪೆಯ ಮೇಲಿನ ಗೆರೆ ಸಮೇತ. ಬಲಗಡೆ ಹತ್ತು ಚಿನ್ನದ್ದು, ಎಡಗಡೆ ಹತ್ತು ಬೆಳ್ಳಿಯದ್ದು. ಬಲಗೈಯಲ್ಲಿ ಚಿನ್ನದ ಗಟ್ಟಿ, ಎಡಗೈಯಲ್ಲಿ ಬೆಳ್ಳಿಯದ್ದು. ಚಿನ್ನ ಬಲಕ್ಕೆ, ಬೆಳ್ಳಿ ಎಡಕ್ಕೆ ಅನ್ನುವುದು ಅವರ ಕಟ್ಟು. ಈಗ ಎಲ್ಲವೂ ಲಂಬಾಯೆಕೆ ಪಟ್ಟಣದ ಮ್ಯೂಸಿಯಂನಲ್ಲಿದೆ, 2002ರಲ್ಲಿ ತೆರೆದದ್ದು.

ಶೇಂಗಾ ಹೋಳಿಗೆ:
ಬಸವನಗುಡಿ ಪರಿಷೆಯಲ್ಲಿ ಸೇರಿನ ಲೆಕ್ಕದಲ್ಲಿ ಕಡಲೆಕಾಯಿ ತಗೊಂಡು ಹೋಗುವವರಿಗೆ ಇದನ್ನು ಹೇಳಬೇಕು. ನನ್ನ ಜನ್ಮ ಸಾರ್ಥಕ.

ಸುಮ್ನೆ ಬಂದೆ:
ಹಾಗಾದರೆ ಮುಖ ಮುಚ್ಚುವುದು ಮೋಚೆಯವರಿಂದ ಶುರುವಾ?

ಹಳೇ ಮಡಕೆ:
ಇಲ್ಲ, ಇನ್ನೂ ಹಿಂದೆ. ಅರ್ಜೆಂಟೀನಾದ ವಾಯುವ್ಯ ಭಾಗದ ಬೆಟ್ಟಗಳಲ್ಲಿ ಒಂದು ತಾಮ್ರದ ಮುಖವಾಡ ಸಿಕ್ಕಿದೆ, ಸುಮಾರು 3000 ವರ್ಷ ಹಳೆಯದು. 18 ಸೆಂಟಿಮೀಟರ್ ಎತ್ತರ, ಒಂದು ಮಿಲಿಮೀಟರ್ ದಪ್ಪ, ಕಣ್ಣು ಮೂಗು ಬಾಯಿಗೆ ತೂತು. ಹದಿನಾಲ್ಕು ಜನರ ಮೂಳೆ ಒಟ್ಟಿಗೆ ಇದ್ದ ಗುಂಡಿಯ ಒಂದು ಮೂಲೆಯಲ್ಲಿತ್ತು. ಅದರಲ್ಲಿ ರಾಜಗೀಜ ಏನಿಲ್ಲ. ಮೋಚೆಯವರಲ್ಲೂ ಎಲ್ಲ ಚಿನ್ನವೇ ಅಲ್ಲ. 2006ರಲ್ಲಿ ಸುದ್ದಿಯಾದ ಕಾವೋ ರಾಣಿ, ಕೈಗೆಲ್ಲ ಹಚ್ಚೆ ಹಾಕಿಸಿಕೊಂಡಿದ್ದ ಹೆಣ್ಣುಮಗಳು, ಅವಳ ಮುಖದ ಮೇಲೆ ಇದ್ದದ್ದು ಚಿನ್ನದ ಮೆರುಗಿನ ಒಂದು ತಾಮ್ರದ ಬಟ್ಟಲು. ಬಟ್ಟಲು ಕವುಚಿ ಹಾಕಿದ್ದಾರೆ, ಅಷ್ಟೇ.

ಇತ್ತ ಕಡೆ ಸಿಕಾನ್ ಆದ ಮೇಲೆ ಚಿಮೂ ಬಂದರು, ಅವರ ರಾಜಧಾನಿ ಚಾನ್ ಚಾನ್. ಸುಮಾರು 1470ರಲ್ಲಿ ಇನ್ಕಾಗಳು ಅವರನ್ನು ಗೆದ್ದು ಅಲ್ಲಿನ ಅಕ್ಕಸಾಲಿಗರನ್ನೇ ಎತ್ತಿಕೊಂಡು ಕುಸ್ಕೋಗೆ ಹೋದರು. ಆಮೇಲೆ ಸ್ಪೇನಿನವರು. 1533ರಲ್ಲಿ ಇನ್ಕಾ ದೊರೆ ಅತಾವಾಲ್ಪಾನನ್ನು ಬಿಡಿಸಿಕೊಳ್ಳಲು ತಂದ ಸುಮಾರು ಆರು ಟನ್ ಚಿನ್ನವನ್ನು ಕಾಹಾಮಾರ್ಕಾದಲ್ಲಿ ಕರಗಿಸಿ ಗಟ್ಟಿ ಮಾಡಿದರು. ಕುಲುಮೆಯ ಮುಂದೆ ಕೂತು ಕರಗಿಸಿದವರು ಅಲ್ಲಿನ ಅಕ್ಕಸಾಲಿಗರೇ. ದೊರೆಯನ್ನು ಆಮೇಲೂ ಕೊಂದರು, ಬಿಡಿ.

ಒರೆಗಲ್ಲು:
ಆ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ತಾನು ಮಾಡಿದ್ದನ್ನು ತಾನೇ ಕರಗಿಸುವುದು. ನಮ್ಮಲ್ಲೂ ಹಳೇ ಒಡವೆ ಕರಗಿಸಲು ಬರುತ್ತದೆ, ಒಳ್ಳೆಯ ಕುಸುರಿ ಇದ್ದರೆ ಕೈ ಬರುವುದಿಲ್ಲ.

ಆ ಕಡೆಯವರ ಕುಲುಮೆ ಬಗ್ಗೆಯೂ ಒಂದು ಮಾತು. ಅಲ್ಲಿ ತಿದಿ ಇರಲಿಲ್ಲ. ಬಾಯಲ್ಲೇ ಊದುವುದು. ಬಟಾನ್ ಗ್ರಾಂಡೆ ಹತ್ತಿರ ತಾಮ್ರ ತೆಗೆಯುತ್ತಿದ್ದ ಸಣ್ಣ ಸಣ್ಣ ಕುಲುಮೆಗಳು ಸಾಲಾಗಿ ಸಿಕ್ಕಿವೆ. ಬೆತ್ತದ ಕೊಳವೆ, ತುದಿಗೆ ಸುಟ್ಟ ಮಣ್ಣಿನ ಮೂತಿ, ಕೆಲವರು ಸುತ್ತ ಕೂತು ಗಂಟೆಗಟ್ಟಲೆ ಊದಬೇಕು. ನಾನು ಚಿಕ್ಕವನಿದ್ದಾಗ ಊದುಗೊಳವೆಯಲ್ಲಿ ಒಂದು ಬೆಸುಗೆಗೆ ಊದಿ ತಲೆ ಸುತ್ತಿ ಕೂತಿದ್ದೇನೆ. ಕೆನ್ನೆ ಉಬ್ಬಿಸಿ ಇಟ್ಟುಕೊಂಡು ಮೂಗಿನಲ್ಲಿ ಉಸಿರು ಎಳೆಯಬೇಕು, ಊದುವುದು ನಿಲ್ಲಬಾರದು. ಅದು ಬರುವುದಕ್ಕೇ ಒಂದು ವರ್ಷ ಬೇಕು.

ದೂರದೇಶದ ಮಗಳು:
ಎಲ್ಲ ಸರಿ, ಆದರೆ ಅಮ್ಮನ ಪ್ರಶ್ನೆ ಇನ್ನೂ ಅಲ್ಲೇ ಇದೆ. ಅಷ್ಟು ಸಲ ಕಾಯಿಸಿ, ಹುಳಿ ಹಾಕಿ, ಚಿನ್ನವನ್ನು ಒಳಗಿಂದ ಹೊರಗೆ ತಂದು, ಕೊನೆಗೆ ಬಣ್ಣ ಬಳಿದು ಮುಚ್ಚಿದರೆ? ಮತ್ತೆ ನಾನು ನೆಟ್‌ನಲ್ಲಿ ನೋಡಿದ ಎಷ್ಟೋ ಮುಖವಾಡಗಳು ಫಳಫಳ ಹೊಳೆಯುತ್ತಿವೆ, ಕೆಂಪು ಇಲ್ಲ.

ಹಳೇ ಮಡಕೆ:
ಹೊಳೆಯುತ್ತಿರುವುದಕ್ಕೆ ಕಾರಣ ಕಳ್ಳರು ಮತ್ತು ಕೊಂಡವರು. ಪ್ರಪಂಚದ ಮ್ಯೂಸಿಯಂಗಳಲ್ಲಿ ಇರುವ ಸಿಕಾನ್ ಮುಖವಾಡಗಳಲ್ಲಿ ಬಹಳಷ್ಟು ಶಿಮಾಡಾ ತರದವರು ಅಳತೆ ಹಾಕಿ ತೆಗೆದದ್ದಲ್ಲ. ಬಟಾನ್ ಗ್ರಾಂಡೆಯನ್ನು ದಶಕಗಳ ಕಾಲ ತೋಡಿ ತೋಡಿ ಹಾಕಿದ್ದಾರೆ, ಬುಲ್ಡೋಜರ್ ಕೂಡ ಓಡಿಸಿದ್ದಾರೆ. ಮೇಲಿಂದ ತೆಗೆದ ಫೋಟೋ ನೋಡಿದರೆ ನೆಲಕ್ಕೆ ಸಿಡುಬು ಬಂದ ಹಾಗೆ ಗುಂಡಿ. 1936ರಲ್ಲಿ ಅಲ್ಲೇ ಸಿಕ್ಕ ಒಂದು ಚಿನ್ನದ ತೂಮಿ, ಅಂದರೆ ವಿಧಿಯ ಕತ್ತಿ, ಪೆರು ದೇಶದ ಗುರುತೇ ಆಗಿಬಿಟ್ಟಿತ್ತು. 1981ರಲ್ಲಿ ಅದು ಲಿಮಾದ ಮ್ಯೂಸಿಯಂನಿಂದಲೇ ಕಳುವಾಗಿ, ಕರಗಿ ಹೋಯಿತು. ಜರ್ಮನಿಯಲ್ಲಿ ಪತ್ತೆಯಾದ ಒಂದು ಸಿಕಾನ್ ಮುಖವಾಡ ಕೋರ್ಟು ಕಚೇರಿ ಎಲ್ಲ ಸುತ್ತಿ ಪೆರುವಿಗೆ ವಾಪಸ್ ಬಂದದ್ದು 2016ರಲ್ಲಿ.

ಹೀಗೆ ಬಂದ ಮಾಲಿಗೆ ಬೆಲೆ ಬರುವುದು ಹೊಳೆದರೆ ಮಾತ್ರ. ಮಣ್ಣಿನಿಂದ ತೆಗೆದಾಗ ಮುಖವಾಡ ಹೇಗಿರುತ್ತದೆ ಗೊತ್ತಾ? ಒಳಗಿನ ತಾಮ್ರ ಹಸಿರು ಕಿಲುಬಾಗಿ ಹೊರಗೆ ಉಬ್ಬಿರುತ್ತದೆ, ಅದರ ಮಧ್ಯೆ ಕೆಂಪು, ಬಟ್ಟೆಯ ಚೂರು, ಕೆಲವು ಸಲ ಗರಿಯ ಗುರುತು. ಕೊಳ್ಳುವವನಿಗೆ ಅದು ಗಲೀಜು. ಆಸಿಡ್ ಹಾಕಿ ಉಜ್ಜಿ ಚಿನ್ನ ಕಾಣಿಸಿದರು. ಸೂಕ್ಷ್ಮವಾಗಿ ನೋಡಿದರೆ ಮೂಗಿನ ಸಂದಿಯಲ್ಲಿ, ಅಂಚಿನ ಮಡಿಕೆಯಲ್ಲಿ ಕೆಂಪಿನ ಕಣ ಉಳಿದಿರುತ್ತದೆ.

ಅಮ್ಮನ ಪ್ರಶ್ನೆಗೆ ನನ್ನ ಉತ್ತರ ಇದು, ಒಪ್ಪುವವರು ಒಪ್ಪಿ. ನಾವು ಚಿನ್ನದ ಮುಖವಾಡ, ಮೇಲೆ ಬಣ್ಣ ಅಂತ ನೋಡುತ್ತೇವೆ. ಅವರಿಗೆ ಅದು ಕೆಂಪು ಮುಖ, ಅಡಿಯಲ್ಲಿ ಚಿನ್ನ. ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಪೆರುವಿನ ನಡು ಕರಾವಳಿಯಲ್ಲಿ ಚಿನ್ನ ಇಲ್ಲದವರು ಶವದ ಗಂಟಿಗೆ ಮರದ ಮುಖ ಕಟ್ಟುತ್ತಿದ್ದರು, ಕಣ್ಣಿಗೆ ಚಿಪ್ಪು ಕೂರಿಸಿ. ಆ ಮರದ ಮುಖಕ್ಕೂ ಕೆಂಪೇ ಬಣ್ಣ. ಲೋಹ ಅವರವರ ಶಕ್ತಿಯಂತೆ ಬದಲಾಗುತ್ತದೆ, ಕೆಂಪು ಬಿಡುವುದಿಲ್ಲ. ಅಂದಮೇಲೆ ಬೇಕಿದ್ದದ್ದು ಯಾವುದು?

ಸತ್ತವನ ಮುಖದಿಂದ ಮೊದಲು ಹೋಗುವುದು ರಕ್ತದ ಬಣ್ಣ ಅಲ್ವಾ. ಅದನ್ನೇ ವಾಪಸ್ ಹಾಕಿದ್ದಾರೆ.

ಕೆಮಿಸ್ಟ್ರಿ ಮೇಷ್ಟ್ರು:
ಕೊನೆಯ ಸಾಲಿಗೆ ಪುರಾವೆ ಕೇಳುವುದಿಲ್ಲ, ಈ ಸಲ ಬಿಟ್ಟೆ.

ಕಡಲ ತಡಿ:
ಆ ಮೂಲಪುರುಷ ಅಂದಿರಲ್ಲ, ಅದರ ಕಥೆ ಇದೆಯಾ?

ಹಳೇ ಮಡಕೆ:
ಇದೆ. 1586ರಲ್ಲಿ ಕಬೇಯೋ ದೆ ಬಾಲ್ಬೋವಾ ಅನ್ನುವ ಸ್ಪೇನಿನ ಪಾದ್ರಿ ಬರೆದಿಟ್ಟದ್ದು. ನಾಯ್ಮ್‌ಲಾಪ್ ಅನ್ನುವವನು ತೆಪ್ಪಗಳ ದಂಡು ಕಟ್ಟಿಕೊಂಡು ಸಮುದ್ರದಿಂದ ಬಂದ. ಅವನು ನಡೆಯುವ ದಾರಿಗೆ ಕಪ್ಪೆಚಿಪ್ಪಿನ ಪುಡಿ ಚೆಲ್ಲುವುದಕ್ಕೇ ಒಬ್ಬ ಸೇವಕ. ಅವನು ಸತ್ತಾಗ ಹತ್ತಿರದವರು ಗುಟ್ಟಾಗಿ ಹೂತು, ಜನಕ್ಕೆ "ರೆಕ್ಕೆ ಬಂದು ಹಾರಿಹೋದ" ಅಂದರಂತೆ. ರೆಕ್ಕೆಯ ಕಣ್ಣು ಅಂದೆನಲ್ಲ, ಮುಖವಾಡದಲ್ಲಿರುವುದು ಇವನೇ ಅಂತ ಕೆಲವರು ಹೇಳುತ್ತಾರೆ. ಕಥೆ ಬರೆದದ್ದು ಸಮಾಧಿಯಾದ ಐನೂರು ವರ್ಷಕ್ಕೂ ಆಮೇಲೆ, ಹಾಗಾಗಿ ನಾನು ಅದನ್ನು ಕಥೆ ಅಂತಲೇ ಇಟ್ಟುಕೊಂಡಿದ್ದೇನೆ.

ಒರೆಗಲ್ಲು:
ಉಜ್ಜುವ ವಿಷಯ ಬಂದಿದ್ದಕ್ಕೆ ನನ್ನ ಒಂದು ಘನಕಾರ್ಯ ಹೇಳಿಬಿಡುತ್ತೇನೆ. ಹದಿನಾರನೇ ವಯಸ್ಸು, ಅಂಗಡಿಗೆ ಹೊಸದಾಗಿ ಪಾಲಿಶ್ ಚಕ್ರ ಬಂದಿತ್ತು. ಅಜ್ಜಿಯ ಹಳೇ ಬುಗುಡಿ ಮಂಕಾಗಿತ್ತು, ತಾಮ್ರ ಜಾಸ್ತಿ ಇದ್ದ ಚಿನ್ನ. ವರ್ಷ ವರ್ಷ ಹುಣಸೆ ನೀರು ಕಂಡು ಕಂಡು ಹೊರಮೈ ಮಾತ್ರ ಹಳದಿ ಕಟ್ಟಿತ್ತು ಅಂತ ನನಗೆ ಗೊತ್ತಿರಲಿಲ್ಲ. ಫಳಫಳ ಮಾಡಿಕೊಡೋಣ ಅಂತ ಚಕ್ರಕ್ಕೆ ಹಿಡಿದೆ. ಮೊದಲು ಜೋರು ಹೊಳಪು ಬಂತು, ಖುಷಿಯಾಯಿತು, ಇನ್ನೂ ಒತ್ತಿದೆ. ಕಣ್ಣು ಮಿಟುಕಿಸುವುದರಲ್ಲಿ ಹಳದಿ ಹೋಗಿ ಒಳಗಿನ ಕೆಂಪು ಎದ್ದಿತು. ಅಜ್ಜ ಬೈಯಲಿಲ್ಲ. ಚಕ್ರದ ಕೆಳಗೆ ಬಿದ್ದ ಧೂಳು ಗುಡಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟು, "ಅಜ್ಜಿಗೆ ಇದನ್ನೂ ಕೊಡು" ಅಂದರು.

ಆ ಮುಖವಾಡ ಉಜ್ಜಿದವರಿಗೂ ಯಾರಾದರೂ ಹೀಗೆ ಒಂದು ಪೊಟ್ಟಣ ಕೊಡಬೇಕಿತ್ತು.

ದೂರದೇಶದ ಮಗಳು:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಮರದ ಮುಖಕ್ಕೂ ಕೆಂಪು ಅಂದಾಗ "ಹಾಗಾದರೆ ಸರಿ" ಅಂದರು. ಮುತ್ತೈದೆ ಸತ್ತರೆ ಮೊದಲು ಅರಿಶಿನ ಕುಂಕುಮ ಹಚ್ಚುವುದಿಲ್ಲವಾ ನಾವೂ, ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ಅದು ಬೇರೆ, ಇದು ಬೇರೆ ಅಂತ ನಾನು ಮಡಕೆ ಸಾರ್ ತರ ಹೇಳಲು ಹೋಗಲಿಲ್ಲ.

ವಾಪಸ್ ಹೋಗುವ ಮೊದಲು ಇನ್ನೊಂದು ಸಲ ಮ್ಯೂಸಿಯಂಗೆ ಹೋಗಬೇಕಂತೆ. ಈ ಸಲ ಮೂಗಿನ ಸಂದಿ ನೋಡುತ್ತಾರಂತೆ. ಒರೆಗಲ್ಲು ಅವರೇ, ಅಮ್ಮ ಕೇಳುತ್ತಿದ್ದಾರೆ, ಆ ಬುಗುಡಿ ಇನ್ನೂ ಇದೆಯಾ?

ಒರೆಗಲ್ಲು:
ಇದೆ ಅಕ್ಕ. ಅಜ್ಜಿ ಹೋಗುವವರೆಗೂ ಹಾಕಿಕೊಂಡಿದ್ದರು, ಸರಿಮಾಡಿಸಲು ಒಪ್ಪಲಿಲ್ಲ. ಅವತ್ತು ನಾನು ಉಜ್ಜಿದ್ದು ಒಂದನ್ನು ಮಾತ್ರ. ಒಂದು ಕಿವಿಯದು ಹಳದಿ, ಇನ್ನೊಂದು ಕಿವಿಯದು ಕೆಂಪು. ನಾಳೆ ಬೆಳಕಿದ್ದಾಗ ಫೋಟೋ ತೆಗೆದು ಹಾಕುತ್ತೇನೆ.